ಚೆಂಡು ಹೂವಿಗೆ ಹುಳು ಹೆದರುವುದಿಲ್ಲ

(ತಾಲ್ಲೂಕು ಗ್ರಂಥಾಲಯದ ಅಂಗಳದಲ್ಲಿ ಕೈತೋಟ ಮತ್ತು ತಾರಸಿ ತೋಟ ಮಾಡುವವರ ಎದುರು ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ನನ್ನ ವಿಷಯವನ್ನು ‘ಕೀಟಗಳನ್ನು ಓಡಿಸುವ ಗಿಡಗಳು’ ಎಂದು ಅಚ್ಚು ಹಾಕಿಸಿದ್ದಾರೆ. ಮೊದಲೇ ತೋರಿಸಿದ್ದರೆ ‘ಓಡಿಸುವ’ ಎಂಬ ಮಾತಿಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಮೂವತ್ತು ವರ್ಷ ಮೇಷ್ಟರಾಗಿದ್ದವನ ಕೈ ಅಷ್ಟು ಬೇಗ ಸುಮ್ಮನಾಗುವುದಿಲ್ಲ. ಈ ಒಂದು ಗಂಟೆ ಆ ಪದದ ಜೊತೆಗೇ ಜಗಳವಾಡೋಣ.

ನಿಮ್ಮೆಲ್ಲರ ಮೊಬೈಲಿಗೂ ಒಂದು ಪಟ್ಟಿ ಬಂದಿರುತ್ತದೆ. ಟೊಮೆಟೊ ಪಕ್ಕ ಚೆಂಡು ಹೂವು, ಎಲೆಕೋಸಿನ ಪಕ್ಕ ಪುದೀನ, ಬಾಗಿಲ ಬಳಿ ಮಜ್ಜಿಗೆ ಹುಲ್ಲು, ಬೇಲಿಯುದ್ದಕ್ಕೂ ಬೆಳ್ಳುಳ್ಳಿ. ಹುಳುವಿಲ್ಲ, ಸೊಳ್ಳೆಯಿಲ್ಲ, ಹಾವಿಲ್ಲ, ಮಂಗವಿಲ್ಲ. ಓದಿದರೆ ಗಿಡ ನೆಟ್ಟು ಕಂಬಳಿ ಹೊದ್ದು ಮಲಗಿಬಿಡಬಹುದು ಅನ್ನಿಸುತ್ತದೆ. ನಾನೂ ಹಾಗೆ ಮಲಗಿದ್ದವನೇ.

ನಿವೃತ್ತಿಯಾದ ವರ್ಷ ಬಾವಿ ಪಕ್ಕದ ಹತ್ತು ಗುಂಟೆಯಲ್ಲಿ ಟೊಮೆಟೊ ಹಾಕಿದೆ. ನರ್ಸರಿಯಲ್ಲಿ ಟೊಮೆಟೊ ಸಸಿ, ಚೆಂಡು ಹೂವಿನ ಸಸಿ ಎರಡನ್ನೂ ಒಂದೇ ದಿನ ತಂದೆ. ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಒಂದೇ ಎತ್ತರದವು. ಸಾಲಿನ ಕೊನೆಗೆ, ಮೂಲೆಗೆ, ನೀರುಗಾಲುವೆಯ ಬದಿಗೆ ಎಲ್ಲೆಲ್ಲಿ ಜಾಗ ಉಳಿಯಿತೋ ಅಲ್ಲೆಲ್ಲ ಚೆಂಡು ಹೂವನ್ನು ಊರಿದೆ. ಟೊಮೆಟೊ ತಿಂಗಳಲ್ಲೇ ಹೂವಿಗೆ ಬಂತು, ಕಾಯಿ ಕಟ್ಟಿತು. ಚೆಂಡು ಹೂವಿನ ಗಿಡ ಇನ್ನೂ ಬರೀ ಸೊಪ್ಪು. ಆ ಹೊತ್ತಿಗೆ ಕಾಯಿಕೊರಕ ಬಂದಾಗಿತ್ತು. ಗೋಲಿ ಗಾತ್ರದ ಕಾಯಿಯಿಂದ ಹಿಡಿದು ಬಣ್ಣ ತಿರುಗಿದ ಹಣ್ಣಿನವರೆಗೆ ತೂತು. ಇತ್ತ ಟೊಮೆಟೊ ಮುಗಿಯುತ್ತ ಬಂದಾಗ ಅತ್ತ ಚೆಂಡು ಹೂವು ದಸರೆಯ ಹಾಗೆ ಅರಳಿ ನಿಂತಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಆ ದಿಡ್ಡಿ ಬಾಗಿಲಿಗೆ ಹೂವಿನ ತೋರಣವನ್ನೂ ಕಟ್ಟಿದ್ದೆ, ಅಷ್ಟೇ.

ಆಮೇಲೆ ಗೊತ್ತಾಯಿತು, ಈ ಜೋಡಿಗೆ ಲೆಕ್ಕವೊಂದಿದೆ, ಅದನ್ನು ಹಾಕಿಕೊಟ್ಟವರು ನಮ್ಮ ಪಕ್ಕದಲ್ಲೇ ಇದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲೇ ಮಾಡಿ ತೋರಿಸಿದ ಕೆಲಸ ಇದು. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಜಾತಿಯ ಚೆಂಡು ಹೂವು. ನಾಟಿಯ ದಿನ ಟೊಮೆಟೊ ಸಸಿಗೆ 25 ದಿನ ಆಗಿರಬೇಕು, ಚೆಂಡು ಹೂವಿನ ಸಸಿಗೆ 45 ದಿನ. ಆ ಇಪ್ಪತ್ತು ದಿನದ ಹಿರಿತನದಲ್ಲೇ ಇರುವುದು ಗುಟ್ಟು. ಹಾಗೆ ನೆಟ್ಟರೆ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ. ಕಾಯಿಕೊರಕದ ಪತಂಗ ರಾತ್ರಿ ಮೊಟ್ಟೆ ಇಡಲು ಬಂದಾಗ ಅದಕ್ಕೆ ಟೊಮೆಟೊಗಿಂತ ಚೆಂಡು ಹೂವಿನ ಮೊಗ್ಗೇ ಹೆಚ್ಚು ಇಷ್ಟ.

ಈ ಮಾತನ್ನು ಸ್ವಲ್ಪ ಗಮನಿಸಿ. ನಾವು ಅಂದುಕೊಂಡಿದ್ದು ಚೆಂಡು ಹೂವಿನ ಘಾಟಿಗೆ ಹುಳು ಓಡಿಹೋಗುತ್ತದೆ ಎಂದು. ನಡೆಯುವುದು ಅದರ ತಿರುವುಮುರುವು. ಪತಂಗ ಮನಸೋತು ಬರುತ್ತದೆ, ಬಂದು ಟೊಮೆಟೊವನ್ನು ಬಿಟ್ಟು ಅದರ ಮೇಲೆ ಕೂರುತ್ತದೆ. ಅದಕ್ಕೇ ಇಂಥವುಗಳಿಗೆ ಬಲೆ ಬೆಳೆ ಎನ್ನುವುದು. ಬಲೆ ಬೀಸಿದ ಮೇಲೆ ಎಳೆಯುವವನೊಬ್ಬ ಬೇಕಲ್ಲ?

ಎರಡನೆಯ ವರ್ಷ ನಾನು ಎಡವಿದ್ದು ಅಲ್ಲೇ. ಲೆಕ್ಕ ಹಿಡಿದು ನೆಟ್ಟೆ, ಎರಡೂ ಒಟ್ಟಿಗೆ ಹೂ ಬಿಟ್ಟವು, ಮೊದಲ ಕೊಯ್ಲು ಚೊಕ್ಕವಾಗಿ ಬಂತು. ಆ ಹುರುಪಿನಲ್ಲಿ ಮೊಮ್ಮಗಳ ನಾಮಕರಣಕ್ಕೆಂದು ಮೈಸೂರಿಗೆ ಹೋದವನು ಹನ್ನೆರಡು ದಿನ ಅಲ್ಲೇ ಉಳಿದೆ. ಬಂದು ನೋಡಿದರೆ ಚೆಂಡು ಹೂವಿನ ಸಾಲಿನಲ್ಲಿ ಹೂವಿಗೊಂದು ಹುಳು. ಹೂವು ಸಾಲದೆ ಪಕ್ಕದ ಟೊಮೆಟೊ ಸಾಲುಗಳಿಗೆ ಇಳಿದಿದ್ದವು. ನಾನು ಸಾಕಿದ ಗಿಡವೇ ಹುಳುವಿನ ತೊಟ್ಟಿಲಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಏನೆಂದು ಆ ದಿನ ಕಣ್ಣಾರೆ ಕಂಡೆ.

ಮೂರನೆಯ ವರ್ಷದಿಂದ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಒಂದು ಸಾಲನ್ನು ಮಾತ್ರ ನಡೆದು ನೋಡುತ್ತೇನೆ. ಹದಿನೇಳು ಸಾಲು ನೋಡುವ ಕಡೆ ಒಂದು ಸಾಲು. ನನ್ನ ಪ್ರಕಾರ ಚೆಂಡು ಹೂವಿನಿಂದ ಆಗುವ ದೊಡ್ಡ ಉಪಕಾರವೇ ಇದು, ನೋಡುವ ಕೆಲಸವನ್ನು ಕಡಿಮೆ ಮಾಡುವುದು. ಮೊಟ್ಟೆ ಗಸಗಸೆ ಕಾಳಿನಷ್ಟು, ಕೆನೆ ಬಣ್ಣ, ಒಂದೊಂದೇ ಬಿಡಿಬಿಡಿಯಾಗಿ ಇರುತ್ತದೆ. ನನ್ನ ವಯಸ್ಸಿನ ಕಣ್ಣಿಗೆ ಭೂತಗನ್ನಡಿ ಬೇಕು. ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಮರಿ ಬೆಳೆಯುತ್ತ ಹೋದಂತೆ ಹಸಿರೂ ಇರಬಹುದು, ಕಂದೂ ಇರಬಹುದು, ಬಣ್ಣ ನೋಡಿ ಮೋಸ ಹೋಗಬೇಡಿ. ಟೊಮೆಟೊ ಮೇಲೆ ಅದನ್ನು ಗುರುತಿಸುವುದು ಅದರ ಊಟದ ಭಂಗಿಯಿಂದ. ತಲೆ ಕಾಯಿಯ ಒಳಗೆ, ಅರ್ಧ ಮೈ ಹೊರಗೆ. ಹಿಡಿದ ಕಾಯಿಯನ್ನು ಪೂರ್ತಿ ತಿಂದು ಮುಗಿಸುವ ಸೌಜನ್ಯವೂ ಅದಕ್ಕಿಲ್ಲ. ಅರ್ಧ ತಿಂದು ಇನ್ನೊಂದಕ್ಕೆ ಹೋಗುತ್ತದೆ. ಒಮ್ಮೆ ಮೊಮ್ಮಗನಿಗೆ ತೋರಿಸಲೆಂದು ಏಳು ಹುಳುಗಳನ್ನು ಆಯ್ದು ಗಾಜಿನ ಬಾಟಲಿಯಲ್ಲಿ ಎರಡು ಹೂವಿನ ಜೊತೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ ಇಟ್ಟಿದ್ದೆ. ಬೆಳಿಗ್ಗೆ ಎಣಿಸಿದರೆ ನಾಲ್ಕು. ಉಳಿದ ಮೂರನ್ನು ಇವೇ ತಿಂದಿದ್ದವು. ಹುಡುಗ ಆ ದಿನ ತಿಂಡಿ ತಿನ್ನಲಿಲ್ಲ.

ಇನ್ನೊಂದು ಮಾತನ್ನು ಹೇಳಿ ಚೆಂಡು ಹೂವನ್ನು ಬಿಡುತ್ತೇನೆ. ಬೇಸಿಗೆಯಲ್ಲಿ ಅದಕ್ಕೇ ಕೆಂಪು ನುಸಿ ಹತ್ತುತ್ತದೆ. ಎಲೆ ಮಂಕಾಗಿ, ಜೇಡರ ಬಲೆಯಂಥ ಎಳೆ ಕಾಣಿಸಿತೆಂದರೆ ಆ ಗಿಡವನ್ನು ಕಿತ್ತುಹಾಕಿ, ಕರುಣೆ ಬೇಡ. ಇಂಗ್ಲಿಷಿನವರು ಇದನ್ನು ಆಫ್ರಿಕನ್ ಮಾರಿಗೋಲ್ಡ್ ಎನ್ನುತ್ತಾರೆ, ಹುಟ್ಟೂರು ಮಾತ್ರ ಮೆಕ್ಸಿಕೊ. ಟೊಮೆಟೊ ಕೂಡ ಅಮೆರಿಕ ಖಂಡದ್ದೇ. ಎರಡೂ ಸಮುದ್ರ ದಾಟಿ ಬಂದು ಗುಬ್ಬಿ ತಾಲ್ಲೂಕಿನ ಹೊಲದಲ್ಲಿ ಅಕ್ಕಪಕ್ಕ ನಿಂತಿವೆ.

ಇಷ್ಟು ಹೇಳುವಾಗ ಮುಂದಿನ ಸಾಲಿನ ತಾಯಿಯೊಬ್ಬರು ಕೇಳಿದರು: “ಹಾಗಾದರೆ ಮೇಷ್ಟ್ರೇ, ವಾಸನೆಗೆ ಏನೂ ಆಗುವುದಿಲ್ಲವೇ? ಪುದೀನ ಹಾಕಿದ ಮೇಲೆ ನಮ್ಮ ಕೋಸಿಗೆ ಹುಳು ಕಡಿಮೆಯಾಗಿದ್ದು ನಿಜ.”

ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ ತಾಯಿ, ಕಡಿಮೆಯಾಗಿರುತ್ತದೆ. ಯಾಕೆ ಎಂಬುದು ಮಾತ್ರ ನಾವು ಅಂದುಕೊಂಡಂತೆ ಇರಲಿಕ್ಕಿಲ್ಲ. ಇಂಗ್ಲೆಂಡಿನ ಫಿಂಚ್ ಮತ್ತು ಕೋಲಿಯರ್ ಎಂಬ ಇಬ್ಬರು ಕೀಟವಿಜ್ಞಾನಿಗಳು ಕೋಸಿನ ಬೇರು ತಿನ್ನುವ ನೊಣದ ಹಿಂದೆ ಬಿದ್ದು ಇದನ್ನು ನೋಡಿದರು. ಆ ನೊಣ ಕೋಸಿನ ವಾಸನೆ ಹಿಡಿದು ತೋಟದವರೆಗೆ ಬರುತ್ತದೆ, ನಿಜ. ಹತ್ತಿರ ಬಂದ ಮೇಲೆ ಅದಕ್ಕೆ ಕಾಣುವುದು ಹಸಿರು ಮಾತ್ರ. ಮಣ್ಣು ಅದಕ್ಕೆ ಬೇಡ, ಹಸಿರು ಕಂಡಲ್ಲಿ ಇಳಿಯುತ್ತದೆ. ಇಳಿದು ಕಾಲಿನಿಂದ ಎಲೆಯ ರುಚಿ ನೋಡುತ್ತದೆ. ಇವುಗಳಿಗೆ ನಾಲಿಗೆಯ ಕೆಲಸವನ್ನು ಕಾಲೂ ಮಾಡುತ್ತದೆ. ಕೋಸು ಎಂದು ಗೊತ್ತಾದರೆ ಸ್ವಲ್ಪ ಹಾರಿ ಮತ್ತೆ ಇಳಿಯುತ್ತದೆ, ಮತ್ತೆ ರುಚಿ ನೋಡುತ್ತದೆ. ಹೀಗೆ ಸಾಲಾಗಿ ಕೆಲವು ಸಲ ಕೋಸೇ ಸಿಕ್ಕರೆ ಮೊಟ್ಟೆ ಇಡುತ್ತದೆ. ನಡುವೆ ಒಮ್ಮೆ ಬೇರೆ ಎಲೆ ಸಿಕ್ಕಿತೋ, ಲೆಕ್ಕ ತಪ್ಪಿತು, ಮೊದಲಿನಿಂದ ಶುರು. ಹೀಗೆ ಒಂದೆರಡು ಸಲವಾದರೆ ಬೇಸತ್ತು ಹಾರಿಹೋಗುತ್ತದೆ. ಬರೀ ಮಣ್ಣಿನ ನಡುವೆ ನಿಂತ ಕೋಸಿನಲ್ಲಿ ನೂರಕ್ಕೆ 36 ನೊಣಗಳು ಮೊಟ್ಟೆ ಇಟ್ಟರೆ, ಕ್ಲೋವರ್ ಎಂಬ ಮೇವಿನ ಗಿಡದ ನಡುವೆ ನಿಂತ ಕೋಸಿನಲ್ಲಿ ಇಟ್ಟದ್ದು ನೂರಕ್ಕೆ 7. ತಮಾಷೆಯೆಂದರೆ ಹಸಿರು ರಟ್ಟಿನ ತುಂಡುಗಳನ್ನು ನೆಟ್ಟಾಗಲೂ ನೊಣ ಅದೇ ರೀತಿ ಏಮಾರಿತು. ರಟ್ಟಿಗೆ ಯಾವ ಘಾಟು?

ಕಳೆ ಕಿತ್ತು, ಗುಡಿಸಿ, ಸಾರಿಸಿದಂತೆ ಇಟ್ಟ ತೋಟದ ಗಿಡಕ್ಕೆ ಹುಳು ಹೆಚ್ಚು ಎಂಬ ಮಾತನ್ನು ನನ್ನವ್ವ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆನೇನೋ. ಅವಳು ಹೇಳಲೂ ಇಲ್ಲ, ಮಾಡುತ್ತಿದ್ದಳು. ನಮ್ಮ ಬಯಲುಸೀಮೆಯ ರಾಗಿ ಹೊಲವನ್ನು ನೆನೆಸಿಕೊಳ್ಳಿ. ಬರೀ ರಾಗಿ ಬಿತ್ತಿದ ಹೊಲವನ್ನು ನಾನು ಹುಡುಗನಾಗಿದ್ದಾಗ ಕಂಡದ್ದೇ ಇಲ್ಲ. ಇಷ್ಟಿಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳು. ಅಪ್ಪ ಕೂರಿಗೆ ಹೊಡೆದರೆ ಅವ್ವ ಹಿಂದೆ ಸೀರೆಯ ಮಡಿಲಿನಿಂದ ಅಕ್ಕಡಿ ಕಾಳು ಬಿಡುತ್ತ ಬರುತ್ತಿದ್ದಳು. ಕೃಷಿ ವಿಶ್ವವಿದ್ಯಾಲಯದವರು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಇದನ್ನೇ ಅಚ್ಚುಕಟ್ಟು ಮಾಡಿ ಶಿಫಾರಸು ಮಾಡುತ್ತಾರೆ. ಅಕ್ಕಡಿ ಹುಟ್ಟಿದ್ದು ಕೀಟಕ್ಕಾಗಿ ಎಂದು ನಾನು ಹೇಳುವುದಿಲ್ಲ. ಅದು ಸಾರಿನ ಕಾಳಿಗಾಗಿ, ಒಗ್ಗರಣೆಯ ಸಾಸಿವೆಗಾಗಿ, ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ ಎಂದು. ಹುಳುವಿಗೆ ದಾರಿ ತಪ್ಪಿದ್ದು ಮೇಲಿನ ಕೊಸರು. ಎತ್ತರದ ಜೋಳದ ತೆನೆಯ ಮೇಲೆ ಕಾಜಾಣ ಬಂದು ಕೂತು, ಅಲ್ಲಿಂದ ಬಾಗಿ ನೋಡಿ, ಸರಕ್ಕನೆ ಇಳಿದು ಹುಳುವನ್ನು ಎತ್ತಿಕೊಂಡು ಹೋಗುತ್ತಿತ್ತು. ಈಗ ಕಡಲೆ ಹೊಲದಲ್ಲಿ ಹಕ್ಕಿ ಕೂರಲು ಕವಲು ಕೋಲು ನೆಡಿ ಎಂದು ಹೇಳಿಕೊಡುತ್ತಾರೆ. ಅಲ್ಲೊಂದು ಇಲ್ಲೊಂದು ಜೋಳದ ಕಾಳು ಬಿತ್ತಿದರೆ ಕೋಲಿನ ಖರ್ಚೂ ಇಲ್ಲ.

ಜೋಳದ ಇನ್ನೊಂದು ಉಪಯೋಗ ಕೇಳಿ, ಇದು ನನಗೆ ಬಹಳ ಹಿಡಿಸಿದ್ದು. ಪರಂಗಿ ಗಿಡಕ್ಕೆ ಉಂಗುರ ಚುಕ್ಕೆಯ ನಂಜು ರೋಗ ಬರುತ್ತದಲ್ಲ, ಅದನ್ನು ಹೊತ್ತು ತರುವುದು ಸಸ್ಯಹೇನು. ನಂಜು ಅದರ ಹೊಟ್ಟೆಗೆ ಇಳಿದಿರುವುದಿಲ್ಲ, ಚುಚ್ಚುವ ಬಾಯಿಯ ತುದಿಯಲ್ಲಷ್ಟೇ ಅಂಟಿರುತ್ತದೆ. ತೋಟದ ಸುತ್ತ ಜೋಳವನ್ನೋ ಮುಸುಕಿನ ಜೋಳವನ್ನೋ ಒತ್ತಾಗಿ ಬೆಳೆಸಿದರೆ ಹಾರಿ ಬಂದ ಹೇನು ಮೊದಲು ಅದರ ಮೇಲೆ ಇಳಿದು ರುಚಿಗೆಂದು ಚುಚ್ಚುತ್ತದೆ. ಎರಡು ಮೂರು ಸಲ ಚುಚ್ಚುವಷ್ಟರಲ್ಲಿ ಬಾಯಿ ಒರೆಸಿದಂತಾಗಿ ನಂಜು ಅಲ್ಲೇ ಉಳಿಯುತ್ತದೆ. ಜೋಳಕ್ಕೆ ಅದರಿಂದ ಏನೂ ಆಗುವುದಿಲ್ಲ. ಕಾಲೊರಸು ಹಾಸಿದ ಹಾಗೆ! ಆದರೆ ಟೊಮೆಟೊ ಎಲೆಮುದುಡು ರೋಗಕ್ಕೆ ಈ ಉಪಾಯ ನಡೆಯುವುದಿಲ್ಲ. ಅದನ್ನು ತರುವ ಬಿಳಿ ನೊಣದ ಮೈಯೊಳಗೇ ನಂಜು ಸೇರಿಕೊಂಡಿರುತ್ತದೆ, ಬಾಯಿ ಒರೆಸಿದರೆ ಹೋಗದು. ಅಲ್ಲಿ ಜೋಳದ ಸಾಲು ಗೋಡೆಯಾಗಿ ಒಂದಷ್ಟು ತಡೆಯಬಹುದು, ಅಷ್ಟೇ.

ಕೋಸಿಗೆ ಸಾಸಿವೆಯ ಜೋಡಿಯೂ ಹೆಸರಘಟ್ಟದಿಂದಲೇ ಬಂದದ್ದು. ಇಪ್ಪತ್ತೈದು ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸು ನಾಟಿಗೆ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ. ಮೊದಲನೆಯದು ಬಲಿತು ಒಣಗುವಷ್ಟರಲ್ಲಿ ಎರಡನೆಯದು ಎಳೆಯದಾಗಿ ಸಿದ್ಧವಿರುತ್ತದೆ. ಬೆನ್ನಿನ ಮೇಲೆ ವಜ್ರದ ಗುರುತಿರುವ ಸಣ್ಣ ಪತಂಗ ಇದೆಯಲ್ಲ, ಕೋಸಿನ ಎಲೆಯನ್ನು ಜರಡಿ ಮಾಡುವುದು, ಅದು ಸಾಸಿವೆಗೆ ಹೋಗುತ್ತದೆ. ಅದರ ಮರಿಯನ್ನು ಗುರುತಿಸುವುದು ಸುಲಭ. ಕಡ್ಡಿಯಿಂದ ಮುಟ್ಟಿದರೆ ವಿಲವಿಲ ಒದ್ದಾಡಿ ನೂಲು ಬಿಟ್ಟುಕೊಂಡು ಎಲೆಯಿಂದ ಕೆಳಕ್ಕೆ ಜೋತುಬೀಳುತ್ತದೆ. ನಿಮ್ಮ ತಾರಸಿಯಲ್ಲಿ ಆರು ಕುಂಡ ಕೋಸಿದ್ದರೆ ಒಂದು ಅಗಲ ಕುಂಡದಲ್ಲಿ ಸಾಸಿವೆ ಸಾಕು. ಹುಳು ತುಂಬಿದ ಸಾಸಿವೆಯನ್ನು ಬೇರುಸಮೇತ ಕಿತ್ತು ಸೋಪು ನೀರಿನ ಬಕೆಟ್ಟಿನಲ್ಲಿ ಅದ್ದಿ. ಕಿತ್ತು ಮೂಲೆಗೆ ಎಸೆದಿರೋ, ನಡೆದುಕೊಂಡು ವಾಪಸು ಬರುತ್ತವೆ.

ಬಲೆ ಬೆಳೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಹರಳು ಗಿಡ. ಉತ್ತರ ಕರ್ನಾಟಕದವರು ಔಡಲ ಎನ್ನುತ್ತಾರೆ. ಕಡಲೆಕಾಯಿ ಹೊಲದ ಬದುವಿನಲ್ಲಿ ನಮ್ಮವರು ಹರಳು ಹಾಕುತ್ತಿದ್ದದ್ದು ಎಣ್ಣೆಗೆ. ಆದರೆ ಎಲೆ ತಿನ್ನುವ ಸ್ಪೊಡೊಪ್ಟೆರಾ ಹುಳುವಿನ ಪತಂಗಕ್ಕೆ ಹರಳೆಲೆ ಎಂದರೆ ಪ್ರಾಣ. ಇದು ಕಾಯಿಕೊರಕದ ಹಾಗೆ ಬಿಡಿಬಿಡಿ ಮೊಟ್ಟೆ ಇಡುವುದಿಲ್ಲ. ಎಲೆಯ ಅಡಿಯಲ್ಲಿ ನೂರಾರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ಮೇಲೆ ಮೈರೋಮದಿಂದ ಕಂದು ಮೆತ್ತೆ ಹೊದಿಸಿಬಿಡುತ್ತದೆ. ಬೆರಳಿಂದ ಸವರಿದರೆ ಉಣ್ಣೆ ಮುಟ್ಟಿದ ಹಾಗೆ. ಮರಿಗಳು ಹೊರಬಂದು ಮೊದಲ ಕೆಲವು ದಿನ ಗುಂಪು ಬಿಡುವುದಿಲ್ಲ, ಒಂದೇ ಎಲೆಯ ಹಸಿರನ್ನು ಕೆರೆದು ನರ ಮಾತ್ರ ಉಳಿಸುತ್ತವೆ. ಆಗ ಆ ದೊಡ್ಡ ಎಲೆ ದೂರದಿಂದಲೇ ಬಿಳಿ ಜಾಲರಿಯಂತೆ ಕಾಣುತ್ತದೆ. ಕಡಲೆಕಾಯಿಯ ಚಿಕ್ಕ ಎಲೆಯಲ್ಲಿ ಇದನ್ನು ಹುಡುಕಬೇಕೆಂದರೆ ಬೆನ್ನು ಮುರಿಯುತ್ತದೆ. ಹರಳಿನಲ್ಲಿ ನಿಂತಲ್ಲಿಂದಲೇ ಕಾಣುತ್ತದೆ. ಆ ಒಂದು ಎಲೆಯನ್ನು ತೊಟ್ಟಿನ ಸಮೇತ ಮುರಿದು ತುಳಿದರೆ ಮುನ್ನೂರು ಹುಳು ಮುಗಿದವು. ಇಷ್ಟು ಅಗ್ಗದ ಬೇಟೆ ಕೃಷಿಯಲ್ಲಿ ಬೇರೆ ಇಲ್ಲ. ಮಕ್ಕಳಿರುವ ಮನೆಯವರು ಮಾತ್ರ ಎಚ್ಚರ, ಹರಳು ಬೀಜ ವಿಷ. ತಾರಸಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ನಮ್ಮ ಹುಳುಗಳನ್ನು ಮುಗಿಸುವ ಮಿತ್ರ ಕೀಟಗಳಿಗೆ ಊಟ ಹಾಕುವ, ಛತ್ರದ ಕೆಲಸ ಮಾಡುವ ಗಿಡಗಳು. ಸಬ್ಬಸಿಗೆ, ಕೊತ್ತಂಬರಿ, ಸೋಂಪು. ಇವನ್ನೆಲ್ಲ ನಾವು ಎಳೆಯದಾಗಿ ಕಿತ್ತು ಸಾರಿಗೆ ಹಾಕುತ್ತೇವೆ. ನಾಲ್ಕು ಗಿಡವನ್ನು ಕೀಳದೆ ಹೂವಿಗೆ ಬಿಡಿ. ಕೊಡೆ ಬಿಚ್ಚಿದಂಥ ಆ ಸಣ್ಣ ಹೂಗಳಲ್ಲಿ ಮಕರಂದ ಮೇಲೇ ಇರುತ್ತದೆ. ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಕಣಜಗಳಿಗೆ ಉದ್ದ ನಾಲಿಗೆ ಇಲ್ಲ, ಅವಕ್ಕೆ ಇಂಥ ಎಲೆಯೂಟವೇ ಬೇಕು. ಬೇಲಿಗೆ ಹಬ್ಬಿಸಿದ ಅಲಸಂದೆಗೆ ಕಪ್ಪು ಹೇನು ಮುತ್ತಿದಾಗ ಔಷಧಿ ಹೊಡೆಯಲು ಓಡಬೇಡಿ. ಒಂದು ವಾರ ತಡೆಯಿರಿ. ಹೇನನ್ನು ತಿನ್ನುವ ಗುಲಗಂಜಿ ಹುಳು ಬರುತ್ತದೆ. ಅದರ ಮರಿಯನ್ನು ಬಹಳ ಜನ ಗುರುತಿಸುವುದಿಲ್ಲ. ಕಪ್ಪಗೆ, ಉದ್ದಕ್ಕೆ, ಪುಟ್ಟ ಮೊಸಳೆಯ ಹಾಗೆ ಇರುತ್ತದೆ. ನಾನೇ ಒಂದು ವರ್ಷ ಶತ್ರು ಎಂದುಕೊಂಡು ನೂರಾರನ್ನು ಹೊಸಕಿದ್ದೇನೆ. ಆ ಪಾಪ ಇನ್ನೂ ಕಳೆದಿಲ್ಲ.

ಬೇರುಗಂಟು ಜಂತುಹುಳುವಿಗೆ ಚೆಂಡು ಹೂವು ಒಳ್ಳೆಯದು ಎಂಬುದು ನಿಜ. ಅದರ ಬೇರಿನಲ್ಲಿ ಆ ಜಂತುವಿಗೆ ವಿಷವಾಗುವ ರಸವಿದೆ. ಆದರೆ ಬದನೆ ಪಕ್ಕ ಒಂದು ಗಿಡ ಊರಿದರೆ ಆಗದು. ಪಾತಿಯ ತುಂಬ ಒತ್ತಾಗಿ ಎರಡು ಮೂರು ತಿಂಗಳು ಅದನ್ನೇ ಬೆಳೆದು, ಆಮೇಲೆ ಅದೇ ಪಾತಿಗೆ ಬದನೆ ಇಡಬೇಕು.

ಯಾರೋ ಹಿಂದಿನಿಂದ ಕೀನ್ಯಾದ ವಿಷಯ ಕೇಳಿದರು. ಸಂತೋಷ, ಅದನ್ನು ಹೇಳದೆ ಈ ವಿಷಯ ಮುಗಿಯುವುದಿಲ್ಲ. ವಿಕ್ಟೋರಿಯಾ ಸರೋವರದ ದಡದ ಎಂಬಿಟಾ ಎಂಬಲ್ಲಿ ಜಿಯಾವುರ್ ಖಾನ್ ಎಂಬ ಕೀಟವಿಜ್ಞಾನಿ 1990ರ ದಶಕದಲ್ಲಿ ಮುಸುಕಿನ ಜೋಳದ ಕಾಂಡಕೊರಕಕ್ಕೆ ಒಂದು ಪದ್ಧತಿಯನ್ನು ರೂಪಿಸಿದರು. ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಸಸ್ಯ, ಹೊಲದ ಸುತ್ತ ನೇಪಿಯರ್ ಹುಲ್ಲು. ನಮ್ಮ ಹಾಲಿನ ಡೇರಿಯವರಿಗೆಲ್ಲ ಗೊತ್ತಿರುವ ಅದೇ ನೇಪಿಯರ್. ಪತಂಗ ನೇಪಿಯರಿಗೆ ಮರುಳಾಗಿ ಅಲ್ಲಿ ಮೊಟ್ಟೆ ಇಡುತ್ತದೆ, ಮರಿ ಕೊರೆಯಲು ಹೋದರೆ ಹುಲ್ಲು ಅಂಟು ರಸ ಸುರಿಸುತ್ತದೆ, ಬಹುಪಾಲು ಮರಿಗಳು ಬದುಕುವುದಿಲ್ಲ. ಡೆಸ್ಮೋಡಿಯಂ ಪತಂಗವನ್ನು ಒಳಗಿನಿಂದ ನೂಕುತ್ತದೆ ಎಂಬುದು ವಿವರಣೆ. ಇಲ್ಲಿ ಮಾತ್ರ ವಾಸನೆಗೆ ಕೆಲಸ ಇದೆ ಎಂದರು. ಹುಳು ತಿಂದ ಜೋಳದ ಗಿಡ ಬಿಡುವಂಥ ವಾಸನೆಯನ್ನೇ ಡೆಸ್ಮೋಡಿಯಂ ಬಿಡುತ್ತದೆ, ‘ಈ ಮನೆಯಲ್ಲಿ ಆಗಲೇ ಬಾಡಿಗೆದಾರರಿದ್ದಾರೆ’ ಎಂದು ಪತಂಗ ಮುಂದೆ ಹೋಗುತ್ತದೆ. ಈಚೆಗೆ ಬೇರೊಂದು ತಂಡ ಇದಕ್ಕೂ ಆಕ್ಷೇಪ ಎತ್ತಿದೆ. ಪತಂಗಗಳು ವಾಸನೆಗೆ ಹೆದರಿದ್ದು ನಮಗೆ ಕಾಣಲಿಲ್ಲ, ಡೆಸ್ಮೋಡಿಯಂನ ಎಲೆಯಲ್ಲಿರುವ ಕೊಕ್ಕೆಯಂಥ ರೋಮಗಳಿಗೆ ಮರಿಗಳು ಸಿಕ್ಕಿಕೊಂಡು ಸಾಯುತ್ತವೆ ಎಂದು ಅವರು ಹೇಳುತ್ತಾರೆ. ವಾದ ಇನ್ನೂ ನಡೆದಿದೆ. ಕೀನ್ಯಾದ ರೈತರು ತೀರ್ಪಿಗೆ ಕಾಯದೆ ಬೆಳೆ ತೆಗೆಯುತ್ತಿದ್ದಾರೆ, ಜೊತೆಗೆ ದನಕ್ಕೆ ಎರಡು ಬಗೆಯ ಮೇವನ್ನೂ ಕೊಯ್ಯುತ್ತಿದ್ದಾರೆ.

ನಮಗೆ ಇದು ಯಾಕೆ ಬೇಕು ಎಂದರೆ, ಮುಸುಕಿನ ಜೋಳವನ್ನು ಹಾಳು ಮಾಡುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರಲ್ಲಿ. ಆಫ್ರಿಕದಲ್ಲಿ ಅದರ ಮೇಲೂ ಈ ಪದ್ಧತಿ ಚೆನ್ನಾಗಿ ನಡೆದಿದೆ. ಮಾಡಿ ನೋಡುವವರು ಬೀಜ ಕೊಳ್ಳುವಾಗ ಹೆಸರನ್ನು ಎರಡು ಸಲ ಓದಿ. ನಮ್ಮಲ್ಲಿ ಮೇವಿಗೆ ಮಾರುವ ಹೆಡ್ಜ್ ಲೂಸರ್ನ್ ಎಂಬುದು ಡೆಸ್ಮಾಂತಸ್. ಕಿವಿಗೆ ಒಂದೇ ಥರ ಕೇಳಿಸಿದರೂ ಗಿಡ ಬೇರೆ.

ಈಗ ನೀವೆಲ್ಲ ಕಾಯುತ್ತಿರುವ ಪ್ರಾಣಿಗಳ ವಿಷಯ. ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ನಿರಾಶೆಗೊಳಿಸುತ್ತೇನೆ.

ದನಕ್ಕೆ ಗಿಡದ ಬೇಲಿ ನಡೆಯುತ್ತದೆ. ಗದಗ, ಬಾಗಲಕೋಟೆ, ವಿಜಯಪುರದ ಕಡೆ ಹಿಂಗಾರಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ. ಬಿಳಿಜೋಳದ, ಕಡಲೆಯ ಹೊಲದ ಅಂಚಿಗೆ ಕಿತ್ತಳೆ ಬಣ್ಣದ ಹೂವಿನ ಕುಸುಬೆ ನಿಂತಿರುತ್ತದೆ. ಬಲಿತ ಕುಸುಬೆಯ ಎಲೆಯಂಚೆಲ್ಲ ಮುಳ್ಳು. ಮೂತಿ ಇಟ್ಟ ಎಮ್ಮೆ ಎರಡನೆಯ ಸಲ ಇಡುವುದಿಲ್ಲ. ಬೇಲಿ ಕಾಯುವುದರ ಜೊತೆಗೆ ಎಣ್ಣೆಯನ್ನೂ ಕೊಡುತ್ತದೆ. ನಮ್ಮ ಕಡೆ ಅದೇ ಕೆಲಸಕ್ಕೆ ಹೊಲದ ಸುತ್ತ ಹುಚ್ಚೆಳ್ಳು. ದನ ಮೂಸಿ ನೋಡಿ ಮುಖ ತಿರುಗಿಸುತ್ತವೆ. ಲಕ್ಕಿ, ಆಡುಸೋಗೆ, ಕತ್ತಾಳೆ, ಕಳ್ಳಿ ಹಳೆಯ ಬೇಲಿಗಳಲ್ಲಿ ಸುಮ್ಮನೆ ಇದ್ದವಲ್ಲ. ಆಡುಸೋಗೆ ಎಂದು ಹೆಸರಲ್ಲಿ ಆಡು ಇದ್ದರೂ ಆಡು ಅದನ್ನು ಮುಟ್ಟುವುದಿಲ್ಲ.

ಕಾಡುಹಂದಿಗೆ ಅರ್ಧ ನಡೆಯುತ್ತದೆ. ಕಡಲೆಕಾಯಿ ಸುತ್ತ ನಾಲ್ಕು ಸಾಲು ಕುಸುಬೆ, ಮುಸುಕಿನ ಜೋಳದ ಸುತ್ತ ಒತ್ತಾಗಿ ಹರಳು ಎಂದು ಶಿಫಾರಸು ಇದೆ. ನನ್ನ ಪಕ್ಕದ ಹೊಲದವರು ಎರಡನೆಯದನ್ನು ಮಾಡಿದರು. ಮೊದಲ ವರ್ಷ ಹಂದಿ ಬರಲಿಲ್ಲ. ಎರಡನೆಯ ವರ್ಷ ಹರಳು ತೆಳುವಾಗಿ ಬಿದ್ದಿದ್ದ ಒಂದು ಮೂಲೆಯನ್ನು ಹುಡುಕಿ ಅಲ್ಲಿಂದ ಒಳಗೆ ಬಂತು. ಹಂದಿಗೆ ನಮಗಿಂತ ಪುರುಸೊತ್ತು ಹೆಚ್ಚು.

ಆನೆಗೆ ಮೆಣಸಿನ ಗಿಡ ಎನ್ನುತ್ತಾರೆ. ಜಿಂಬಾಬ್ವೆ, ಜಾಂಬಿಯಾದಲ್ಲಿ ರೈತರು ಮೆಣಸನ್ನು ಬಳಸುವುದು ನಿಜ. ಮೆಣಸಿನಪುಡಿಯನ್ನು ಗ್ರೀಸಿನಲ್ಲಿ ಕಲಸಿ ಹಗ್ಗಕ್ಕೆ ಬಳಿಯುತ್ತಾರೆ, ಲದ್ದಿಯ ಜೊತೆ ಬೆರಣಿ ತಟ್ಟಿ ಹೊಗೆ ಹಾಕುತ್ತಾರೆ. ಆನೆಯನ್ನು ತಡೆಯುವುದು ಆ ಹೊಗೆ, ಆ ಖಾರ. ನಿಂತ ಗಿಡವನ್ನು ಆನೆ ತಿನ್ನುವುದಿಲ್ಲ ಅಷ್ಟೇ, ತುಳಿದುಕೊಂಡು ಮುಂದಿನ ಬಾಳೆಗೆ ಹೋಗುತ್ತದೆ. ಚಾಮರಾಜನಗರದ ಕಾಡಂಚಿನ ಅರಿಸಿನದ ಕತೆಯೂ ಇದೇ. ಪ್ರಾಣಿ ತಿನ್ನದ ಬೆಳೆಯನ್ನು ಬೆಳೆದರೆ ಆ ಬೆಳೆ ಉಳಿಯುತ್ತದೆ, ಅದು ಒಳ್ಳೆಯ ಲೆಕ್ಕ. ಆ ಬೆಳೆ ಪಕ್ಕದ ಬೆಳೆಯನ್ನು ಕಾಯುತ್ತದೆ ಎಂಬುದು ಬೇರೆ ಮಾತು, ಅದನ್ನು ನಾನು ನಂಬುವುದಿಲ್ಲ.

ಮಂಗನಿಗೆ? ಯಾವ ಗಿಡವೂ ಇಲ್ಲ. ನಾನು ಸೀಬೆ ಮರದ ಸುತ್ತ ಮೆಣಸು, ಅರಿಸಿನ, ಮಜ್ಜಿಗೆ ಹುಲ್ಲು ಮೂರನ್ನೂ ನೆಟ್ಟು ನೋಡಿದ್ದೇನೆ. ಮಂಗ ನೆಲದಲ್ಲಿ ನಡೆದು ಬಂದರೆ ತಾನೆ! ತೆಂಗಿನ ಗರಿಯಿಂದ ತಾರಸಿಗೆ, ತಾರಸಿಯಿಂದ ಸೀಬೆಗೆ. ಕೊನೆಗೆ ಮಜ್ಜಿಗೆ ಹುಲ್ಲಿನ ಮೇಲೆ ಕೂತು ಸೀಬೆ ತಿಂದು ಹೋಯಿತು. ಅವುಗಳ ದಾರಿಯಲ್ಲಿ ಮನೆಯಿರುವವರು ಹಣ್ಣಿನ ಆಸೆ ಕಡಿಮೆ ಮಾಡಿ ಸುವರ್ಣಗೆಡ್ಡೆ, ಶುಂಠಿ, ಕರಿಬೇವು ಬೆಳೆಯಿರಿ. ಅಥವಾ ಬಲೆ ಕಟ್ಟಿಸಿ. ನಾನು ಕಟ್ಟಿಸಿದ್ದೇನೆ.

“ಹಾವಿಗೆ ಬೆಳ್ಳುಳ್ಳಿ, ಈಶ್ವರಿ ಬಳ್ಳಿ?” ಎಂದು ಯಜಮಾನರೊಬ್ಬರು ಕೇಳಿದರು. ಯಜಮಾನರೇ, ಹಾವು ಬರುವುದು ಇಲಿಗಾಗಿ, ತಂಪಿಗಾಗಿ. ಹಿತ್ತಲಲ್ಲಿ ಸೌದೆ ಒಟ್ಟಿದ್ದರೆ, ತೆಂಗಿನ ಮಟ್ಟೆ ರಾಶಿ ಇದ್ದರೆ ಸುತ್ತ ಏನು ನೆಟ್ಟರೂ ಬರುತ್ತದೆ. ರಾಶಿಯನ್ನು ತೆಗೆಸಿ. ಇಲಿಯ ಮಾತು ಬಂತಲ್ಲ, ನಮ್ಮ ಬದುಗಳ ಗೊಬ್ಬರದ ಗಿಡ, ಗ್ಲಿರಿಸಿಡಿಯ, ಆ ಹೆಸರಿನ ಲ್ಯಾಟಿನ್ ಅರ್ಥವೇ ಇಲಿಗಳನ್ನು ಕೊಲ್ಲುವುದು ಎಂದು. ಮಧ್ಯ ಅಮೆರಿಕದಲ್ಲಿ ಅದರ ತೊಗಟೆ, ಎಲೆಗಳನ್ನು ಕಾಳಿನ ಜೊತೆ ಬೇಯಿಸಿ ಇಲಿಗೆ ಇಡುತ್ತಿದ್ದರು. ನನ್ನ ಬದುವಿನ ಗೊಬ್ಬರದ ಗಿಡದ ಬುಡದಲ್ಲೇ ಹೆಗ್ಗಣದ ಬಿಲವಿದೆ. ಅದಕ್ಕೆ ಲ್ಯಾಟಿನ್ ಬರುವುದಿಲ್ಲ.

ಸೊಳ್ಳೆಗೆ ಮಜ್ಜಿಗೆ ಹುಲ್ಲು ನೆಡುವವರು ಅದರ ಕಷಾಯ ಮಾಡಿಕೊಂಡು ಕುಡಿಯಿರಿ, ರುಚಿಯಾಗಿರುತ್ತದೆ. ಸೊಳ್ಳೆಗಾದರೆ ಅದೇ ಕುಂಡದ ಕೆಳಗಿನ ತಟ್ಟೆಯ ನೀರನ್ನು ಚೆಲ್ಲಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಅಜ್ಜಿಯದು. “ಈ ಬಲೆಗೆ ಅಂತ ಹಾಕಿದ ಚೆಂಡು ಹೂವನ್ನು ಆಯುಧಪೂಜೆಗೆ ಕಿತ್ತುಕೊಳ್ಳಬಹುದೇನಪ್ಪ, ಇಲ್ಲ ಹುಳುವಿಗೇ ಬಿಡಬೇಕೋ?”

ಧಾರಾಳವಾಗಿ ಕೀಳಿ ಅಜ್ಜಿ. ಕಿತ್ತಷ್ಟೂ ಒಳ್ಳೆಯದು, ಹೊಸ ಮೊಗ್ಗು ಬರುತ್ತದೆ, ಹುಳುವೂ ಹೂವಿನ ಜೊತೆಗೇ ಹೊಲದಿಂದ ಆಚೆ ಹೋಗುತ್ತದೆ. ಹಾರ ಪೋಣಿಸುವ ಮೊದಲು ಮಾತ್ರ ಒಂದೊಂದನ್ನೂ ಸೋಪು ನೀರಿನ ಬಕೆಟ್ಟಿನ ಮೇಲೆ ತಲೆಕೆಳಗು ಹಿಡಿದು ಎರಡು ಸಲ ಕೊಡವಿ. ಹೋದ ವರ್ಷ ನಮ್ಮ ಮನೆಯಲ್ಲಿ ಕೊಡವಲು ಮರೆತಿದ್ದರು. ಮಂಗಳಾರತಿಯ ಹೊತ್ತಿಗೆ ಸ್ಕೂಟರಿನ ಹ್ಯಾಂಡಲ್ ಮೇಲೆ ಒಂದು ಹಸಿರು ಹುಳು ನಿಧಾನವಾಗಿ ಕನ್ನಡಿಯ ಕಡೆಗೆ ಹೊರಟಿತ್ತು.